ರಜೆ ಅರ್ಜಿಯ ಬೆನ್ನುನೋವು

ಕಾಪು ಕಡಲತೀರದ ಬಂಡೆಯ ಮೇಲೆ ವನಿತಾ ಚುರುಮುರಿ ತಿನ್ನುತ್ತಾ ಕುಳಿತಿದ್ದಳು. ಸರ್ಕಾರಿ ಕಚೇರಿಯಲ್ಲಿ ಅವಳದು ನನ್ನ ಪಕ್ಕದ ಮೇಜು. ಕಾಯಿಲೆ ರಜೆ ಹಾಕಿದ್ದ ಅವಳ ಕಡತಗಳೆಲ್ಲ ನನ್ನ ತಲೆಗೆ ಬಿದ್ದಿದ್ದವು. ಸಮೀಕ್ಷೆಗೆ ಮನೆಮನೆ ಸುತ್ತಿ ಬಂದಿದ್ದ ನನಗೆ ಹೊಟ್ಟೆ ಉರಿಯಿತು.

“ಕಾಯಿಲೆಗೆ ಚುರುಮುರಿ ಮದ್ದು ಉಂಟಾ?” ಎಂದು ಚುಚ್ಚಿದೆ.

ಅವಳು ಪೊಟ್ಟಣವನ್ನು ನನ್ನತ್ತ ಚಾಚಿದಳು. “ನಿದ್ದೆಯೇ ಬರ್ತಿರಲಿಲ್ಲ ಅಕ್ಕ. ಸಂಜೆ ಕಡಲ ಹತ್ತಿರ ಕೂತ್ಕೊಳ್ಳಿ ಅಂತ ಡಾಕ್ಟ್ರೇ ಹೇಳಿದ್ದು. ಅರ್ಜಿಯಲ್ಲೂ ‘ಮಾನಸಿಕ ಒತ್ತಡ’ ಅಂತಲೇ ಬರೆದೆ. ಸುಳ್ಳು ಎಂತಕ್ಕೆ, ಅಲ್ವಾ?”

ಕಳೆದ ವರ್ಷ ಇದೇ ಒತ್ತಡದಿಂದ ನಿದ್ದೆಗೆಟ್ಟು ನಾನೂ ರಜೆ ಹಾಕಿದ್ದೆ. ಅರ್ಜಿಯಲ್ಲಿ ಬರೆದದ್ದು ‘ಬೆನ್ನುನೋವು’ ಎಂದು. ಈಗ ವನಿತಾ ಕೆಲಸಕ್ಕೆ ಮರಳಿದ್ದಾಳೆ. “ನಿದ್ದೆ ಬರ್ತದಾ?” ಎಂದು ಎಲ್ಲರೂ ಅವಳನ್ನು ಕೇಳುವಾಗ ನನಗೆ ಮತ್ತೆ ಹೊಟ್ಟೆ ಉರಿಯುತ್ತದೆ. ನನ್ನನ್ನು ಇಂದಿಗೂ ಕೇಳುವುದು ಒಂದೇ: “ಬೆನ್ನು ಹೇಗುಂಟು?”