ಜಪಾನಿನ ಟಿವಿಯ ಹಿಂಬದಿ

ಗೆಳೆಯರೇ, ಕನ್ನಡ ಎಂ.ಎ. ಮಾಡಿದವರನ್ನು ಟಿವಿಯ ಹಿಂಬದಿ ಓದಲು ಯಾರಾದರೂ ಕರೆದರೆ ಹೋಗಬೇಡಿ. ನಾನು ಇವತ್ತು ಹರಿಹರಕ್ಕೆ ಹೋಗಿದ್ದೆ.

ಕಂಪನಿಯ ತರಬೇತಿಗೆ ಜಪಾನಿಗೆ ಹೋಗಿದ್ದ ಭಾವ ಅಲ್ಲಿಂದ ಟಿವಿ ತಂದಿದ್ದಾರೆ, ನಮ್ಮ ಸಾಕೆಟ್ಟಿಗೆ ಹೊಂದುವ ಪಿನ್ನನ್ನೂ ತಂದಿದ್ದಾರೆ. ಅಕ್ಕ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು ಸ್ವಿಚ್ ಹಾಕಲು ರಾಹುಕಾಲ ಮುಗಿಯುವುದನ್ನೇ ಕಾಯುತ್ತಿದ್ದಳು.

"ನಮ್ ಕರೆಂಟಿಗೆ ನಡೀತೈತೆ ಅಂತಾರೆ ನಿಮ್ ಭಾವ. ನಂಗೆ ನಂಬ್ಕೆ ಇಲ್ಲ. ಹಿಂದೆ ಏನ್ ಬರ್ದೈತೆ, ನೀನೇ ಓದಿ ಹೇಳೋ."

ಹತ್ತು ನಿಮಿಷ ನೋಡಿದೆ. ಪೂರ್ತಿ ಜಪಾನಿ ಲಿಪಿ. ಬರುವುದಿಲ್ಲ ಎನ್ನಲು ನಾಚಿಕೆ.

"ಅಕ್ಷರ ಭಾಳ ಚೆಂದ ಐತಕ್ಕಾ. ಏನೂ ತೊಂದ್ರೆ ಇರ್ಲಿಕ್ಕಿಲ್ಲ," ಎಂದೆ.

ಅಷ್ಟರಲ್ಲಿ ಅಕ್ಕನ ಅತ್ತೆ ಗಿರಿಜಮ್ಮ ತಮ್ಮ ಹಿಟ್ಟಿನ ಗಿರಣಿಯಿಂದ ಊಟಕ್ಕೆ ಬಂದರು. ಸೆರಗಿನಿಂದ ಕನ್ನಡಕದ ಹಿಟ್ಟು ಒರೆಸಿಕೊಂಡು ಬಗ್ಗಿ ನೋಡಿದರು.

"ನೂರು ವೋಲ್ಟ್ ಅಂತ ಇಲ್ಲೇ ಐತಲ್ಲೋ ತಮ್ಮಾ! ನಮ್ಮನೇದು ಇನ್ನೂರಾ ಮೂವತ್ತು. ಸ್ವಿಚ್ ಹಾಕಿದ್ರೆ ಸುಟ್ಟು ಹೋಗ್ತೈತೆ. ಅಂಕಿನೂ ಜಪಾನಿ ಭಾಷೇನಾ?"

ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ತರಲು ನನ್ನನ್ನೇ ದಾವಣಗೆರೆಗೆ ಅಟ್ಟಿದರು. ಅಂಗಡಿಯಲ್ಲಿ ನಾನು ತಡವರಿಸುತ್ತೇನೆಂದು ಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದೂ ಕೊಟ್ಟರು.

ಅಂಗಡಿಯವರು ಚೀಟಿ ಓದಿ ತಲೆದೂಗಿದರು. "ಎಷ್ಟ್ ಕರೆಕ್ಟಾಗಿ ಬರ್ದಾರ್ರೀ! ಇಂಜಿನಿಯರ್ರಾ?"

"ಅಲ್ರಿ, ಗಿರಣಿ ನಡೆಸ್ತಾರೆ."

"ಮತ್ತೆ ನೀವು?"

"ನಾನು ಓದಿದೀನ್ರಿ," ಎಂದೆ. ಏನು ಓದಿದ್ದೀರಿ ಎಂದು ಅವರು ಕೇಳುವುದರೊಳಗೆ ಟ್ರಾನ್ಸ್‌ಫಾರ್ಮರ್ ಎತ್ತಿಕೊಂಡು ಬಸ್ಸು ಹತ್ತಿದೆ.