ಗಿಟಾರಿನ ಹೊಟ್ಟೆಯೊಳಗಿನ ಪಟ

ಅಪ್ಪನ ಗಿಟಾರನ್ನು ಬಿಕ್ಕೋಡಿನ ಎಸ್ಟೇಟಿಗೆ ವಾಪಸ್ ಕೊಡುತ್ತೇನೆಂದು ನನ್ನಣ್ಣ ಒಪ್ಪಿಕೊಂಡ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಅಪ್ಪ ಆ ಎಸ್ಟೇಟಿನಲ್ಲಿ ಜೀಪ್ ಓಡಿಸುತ್ತಿದ್ದರು. ಹಳೇಬೀಡಿನ ಆರ್ಕೆಸ್ಟ್ರಾದವನೊಬ್ಬನಿಂದ ಒಂದು ಹಳೆಯ ಗಿಟಾರು ಕೊಂಡು ತಂದು, ಸಂಜೆ ಹೊತ್ತು ಶೆಡ್ಡಿನಲ್ಲಿ ಕೂತು ನುಡಿಸುತ್ತಿದ್ದರು. ಕಲಿಸಿದವರು ಯಾರೂ ಇಲ್ಲ, ಬರುತ್ತಿದ್ದದ್ದು ಎರಡೂವರೆ ಹಾಡು. ನನಗೆ ಒಂಬತ್ತು ವರ್ಷವಿದ್ದಾಗ ಎಸ್ಟೇಟಿನ ಸಾಹುಕಾರರು ಅದನ್ನು ನೋಡಿ, ಇದು ಬಿಳಿ ದೊರೆ ಬಂಗಲೆಯಲ್ಲಿ ಬಿಟ್ಟುಹೋದ ಗಿಟಾರು, ಎಷ್ಟೋ ವರ್ಷದಿಂದ ಕಾಣೆಯಾಗಿತ್ತು ಎಂದರು. ಅಷ್ಟೇ ಸಾಕಾಯಿತು. ಅಪ್ಪನನ್ನು ಕೆಲಸದಿಂದ ತೆಗೆದರು. ಗಿಟಾರನ್ನು ಮಾತ್ರ ಕೇಳಲಿಲ್ಲ. ನಮ್ಮಂಥವರು ಮುಟ್ಟಿ ನುಡಿಸಿದ್ದನ್ನು ಬಂಗಲೆಯೊಳಗೆ ಸೇರಿಸಿಕೊಳ್ಳುವ ಕಾಲವಾಗಿರಲಿಲ್ಲ ಅದು.

ವಾರದೊಳಗೆ ನಾವು ಅರಸೀಕೆರೆಗೆ ಬಂದೆವು. ಅಪ್ಪ ಕೊಬ್ಬರಿ ಲಾರಿ ಓಡಿಸಿದರು, ಗಿಟಾರನ್ನು ಮತ್ತೆ ಮುಟ್ಟಲಿಲ್ಲ. ನೀವು ಕದ್ದಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಒಂದು ಸಲವೂ ಅವರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹಾಗೇ ತೀರಿಕೊಂಡರು.

ಈಗ ಆ ಬಂಗಲೆ ಹೋಂಸ್ಟೇ ಆಗಿದೆ. ಸಾಹುಕಾರರ ಮೊಮ್ಮಗ ಅಣ್ಣನಿಗೆ ಫೋನ್ ಮಾಡಿ, ದೊರೆಯ ಕಾಲದ ಸಾಮಾನುಗಳನ್ನು ಹಾಲ್‌ನಲ್ಲಿ ಜೋಡಿಸಿಡುತ್ತಿದ್ದೇವೆ, ಆ ನೂರು ವರ್ಷದ ಗಿಟಾರು ಇನ್ನೂ ಇದ್ದರೆ ಕೊಡುತ್ತೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದನಂತೆ. ಇಡೀ ಸರ್ವೀಸು ಅಂಚೆ ಕಚೇರಿಯಲ್ಲಿ ಕಳೆದು ನಿವೃತ್ತನಾದ ನನ್ನಣ್ಣ ಅಷ್ಟೇ ಮರ್ಯಾದೆಯಿಂದ ಹೂಂ ಎಂದ. ಕೊಟ್ಟುಬಿಟ್ಟರೆ ಅಪ್ಪನ ಪಾಪ ಕಳೆಯುತ್ತದೆ ಎಂದು ನನಗೇ ಬುದ್ಧಿ ಹೇಳಿದ. ಯಾವ ಪಾಪ? ಮಾರನೆಯ ಬೆಳಿಗ್ಗೆ ಅವನ ಮನೆಯ ಅಟ್ಟದಿಂದ ಗಿಟಾರನ್ನು ಇಳಿಸಿ, ಬೆಡ್‌ಶೀಟಿನಲ್ಲಿ ಸುತ್ತಿ, ಜಾವಗಲ್ ಮೇಲೆ ಹೋಗುವ ಬೇಲೂರು ಬಸ್ಸು ಹತ್ತಿದೆ. ನಿಜಕ್ಕೂ ಇದಕ್ಕೆ ನೂರು ವರ್ಷವಾಗಿದೆಯೇ ಎಂದು ಯಾರಾದರೂ ನೋಡಬೇಕಿತ್ತಲ್ಲ.

ಬೇಲೂರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ. ಅವರು ಗಿಟಾರನ್ನು ಬೆನ್ನು ಮೇಲೆ ಮಾಡಿ ಬೆರಳಿನಿಂದ ತಟ್ಟಿದರು, ಅಂಚನ್ನು ಉಗುರಿನಿಂದ ಕೆರೆದರು, ಇದು ಪ್ಲೈವುಡ್ಡು, ವಿಲಾಯತಿ ಮಾಲಲ್ಲ ಎಂದರು. ಆಮೇಲೆ ನಡುವಿನ ತೂತಿಗೆ ಟಾರ್ಚ್ ಬಿಟ್ಟು, ಹಲ್ಲಿನ ಡಾಕ್ಟರು ಇಟ್ಟುಕೊಳ್ಳುವಂಥ ಪುಟ್ಟ ಕನ್ನಡಿ ಹಿಡಿದು ಒಳಗೆ ನೋಡಿದರು.

"ಇದ್ರೊಳಗೆ ದೇವ್ರನ್ನ ಯಾರಮ್ಮ ಕೂರ್ಸಿದ್ದು?"

ಕ್ಯಾಲೆಂಡರಿನಿಂದ ಕತ್ತರಿಸಿದ ಚೆನ್ನಕೇಶವನ ಪಟ. ಅದು ಅಲ್ಲಿದ್ದದ್ದು ನನಗೆ ಗೊತ್ತಿತ್ತು. ತಪ್ಪು ಕಾಣಿಕೆಯಾಗಿ ಅಪ್ಪನೇ ಅಂಟಿಸಿದ್ದಾರೆ ಎಂದುಕೊಂಡಿದ್ದೆ. ಮೇಕರ್ ಚೀಟಿ ಅಂಟಿಸುವ ಜಾಗವೇ ಅದು, ಕೆಳಗೆ ಏನೋ ಇರಬೇಕು ಎಂದರು ಮುದುಕರು. ಆದರೆ ದೇವರ ಪಟ ಕೀಳಲು ಅವರೂ ಹಿಂಜರಿದರು. ಒದ್ದೆ ಬಟ್ಟೆ ಇಸಿದುಕೊಂಡು, ತೂತಿನೊಳಗೆ ಕೈ ತೂರಿಸಿ, ನಾನೇ ನೆನೆಸಿ ಎಬ್ಬಿಸಿದೆ. ಕೆಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಚೀಟಿ. ಕಲ್ಕತ್ತೆಯ ಒಂದು ಅಂಗಡಿಯ ವಿಳಾಸ, ಕೊನೆಯಲ್ಲಿ ಏಳರಿಂದ ಶುರುವಾಗುವ ಆರಂಕಿಯ ಪಿನ್‌ಕೋಡ್.

ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದ ನಾನು ಒಂದು ಸಲವೂ ಆ ತೂತಿನೊಳಗೆ ಕೈ ಹಾಕಿರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಅಣ್ಣನಿಗೆ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಮೊದಲೆಲ್ಲ ಊರಿನ ಹೆಸರಿನ ಮುಂದೆ ಒಂದೋ ಎರಡೋ ಅಂಕಿ ಮಾತ್ರ ಬರೆಯುತ್ತಿದ್ದರು, ಆರಂಕಿ ಬಂದದ್ದು ಎಪ್ಪತ್ತೆರಡರಲ್ಲಿ ಎಂದು ಅವನೇ ಹೇಳಿದ. ದೊರೆ ಎಸ್ಟೇಟು ಮಾರಿ ಹಡಗು ಹತ್ತಿದ್ದು ಅಪ್ಪ ಅಲ್ಲಿ ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ವರ್ಷ ಮೊದಲು, ಐವತ್ತರ ದಶಕದಲ್ಲಿ. ಗಿಟಾರು ದೊರೆಯದಲ್ಲ ಎಂದು ಇಷ್ಟೆಲ್ಲ ಲೆಕ್ಕ ಒಪ್ಪಿಸಿ, "ಮಾತು ಕೊಟ್ಬಿಟ್ಟಿದೀನಲ್ಲ" ಅಂದ. ಅವನ ಮುಖ ನೋಡಲು ನನಗೆ ಅಸಹ್ಯವಾಯಿತು.

ಮೂಲೆಯಲ್ಲಿ ಮಂಚದ ಮೇಲಿದ್ದ ಅಮ್ಮ, ಪಟ ಏನಾಯಿತು ಎಂದು ಕೇಳಿದಳು. ಕಿತ್ತೆ ಎಂದೆ.

"ಒಳ್ಗಡೆ ಇಂಗ್ಲಿಷ್ ಅಕ್ಷರ ಕಾಣ್ತು. ದೊರೆ ಹೆಸ್ರು ಅಂತ ತಿಳ್ಕಂಡೆ ಕಣೇ. ಯಾರಾನ ಓದಿದ್ರೆ ನಿಮ್ಮಪ್ಪನ್ನ ಹಿಡ್ಕಂಡ್ ಹೋಯ್ತಾರೆ ಅಂತ ರಾಗಿ ಅಂಟಾಕಿ ಪಟ ಮೆತ್ತಿದೆ. ದೇವ್ರ ಪಟ ಕೀಳಕ್ಕೆ ಯಾರ್ ಕೈ ಹಾಕ್ತಾರೆ?"

ಯಾರೂ ಹಾಕಲಿಲ್ಲ. ಅಪ್ಪನೂ ಹಾಕಲಿಲ್ಲ. ನನಗೇ ಕಂಡಿದ್ದ ಪಟ ಅಪ್ಪನಿಗೆ ಕಾಣದೇ ಇದ್ದೀತೇ? ಏನನ್ನು ಮುಚ್ಚಲು ಮೆತ್ತಿದ್ದೆಂದೂ ಅವರಿಗೆ ಗೊತ್ತಿತ್ತು. ಹೆಂಡತಿಯೂ ತನ್ನನ್ನು ಕಳ್ಳ ಅಂದುಕೊಂಡಿದ್ದಾಳೆ ಎಂದು ತಿಳಿದೇ ಉಳಿದಷ್ಟು ವರ್ಷ ಅವಳ ಕೈಯ ಊಟ ಉಂಡಿದ್ದರು. ನನಗೆ ಅಮ್ಮನ ಮೇಲೆ ಕೂಗಾಡಬೇಕೆನ್ನಿಸಿತು. ಎಂಬತ್ತು ದಾಟಿದವಳ ಮೇಲೆ ಏನೆಂದು ಕೂಗಾಡುವುದು? ಅಣ್ಣನ ಫೋನ್ ಕಿತ್ತುಕೊಂಡು ಎಸ್ಟೇಟಿಗೆ ಮಾಡಿದೆ.

ಸಾಹುಕಾರರ ಮೊಮ್ಮಗ ಪೂರ್ತಿ ಕೇಳಿಸಿಕೊಂಡ. ದೊರೆಯದಲ್ಲ ಅಂದಮೇಲೆ ತನಗೆ ಅದರಿಂದ ಉಪಯೋಗವಿಲ್ಲ, ನೀವೇ ಇಟ್ಟುಕೊಳ್ಳಿ ಮೇಡಂ ಎಂದ. ಗಿಟಾರಿನ ಮಾತು ಬಿಡಿ, ನಿಮ್ಮ ಡ್ರೈವರು ಕಳ್ಳನಾಗಿರಲಿಲ್ಲ ಎಂದು ಇಲ್ಲಿ ಕೂತಿರುವ ಅವರ ಹೆಂಡತಿಗೆ ಒಂದು ಮಾತು ಹೇಳಿ ಎಂದೆ. ಅದೆಲ್ಲ ತಾತನ ಕಾಲದ್ದು, ನನಗೇನು ಗೊತ್ತು, ಗೆಸ್ಟುಗಳು ಬಂದಿದ್ದಾರೆ ಎಂದು ಫೋನಿಟ್ಟ.

ಏನಂದರು ಎಂದು ಅಮ್ಮ ಕೇಳಿದಳು. ನಾವೇ ಇಟ್ಟುಕೊಳ್ಳಬೇಕಂತೆ ಎಂದೆ.

ಅಮ್ಮ ಫೋನಿನ ಕಡೆಗೆ ಎರಡೂ ಕೈ ಜೋಡಿಸಿದಳು. "ದೊಡ್ಡ ಮನ್ಸು ಕಣವ್ವ ಅವ್ರದ್ದು. ಕದ್ದಿದ್ದನ್ನೂ ನಮ್ಗೇ ಬಿಟ್ರಲ್ಲ."

ನಾನು ಆ ಕೈಗಳನ್ನು ಹಿಡಿದು ಬಿಡಿಸಿ ಕೆಳಗಿಳಿಸಿದೆ. ಅವಳು ಮತ್ತೆ ಎತ್ತಿ ಮುಗಿದಳು.