ಥೀಮ್ ಪಾರ್ಕಿನಲ್ಲಿ ಅತ್ತೆಯ ಊಟ

ಎದುರು ಫ್ಲ್ಯಾಟಿನವರು ಬೆಣ್ಣೆ ಕಾಯಿಸುತ್ತಿದ್ದಾರೆ. ತಣಿಸಂದ್ರದ ಈ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ತಿಳಿಯಲು ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ, ಲಿಫ್ಟಿಗೆ ಕಾಯುತ್ತ ನಿಂತರೆ ಸಾಕು. ಆ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಎದೆ ಡವಡವ ಎನ್ನುತ್ತದೆ. ಯಾಕೆಂದು ಹೇಳುತ್ತೇನೆ. ಬೈಯುವುದಿದ್ದರೆ ಪೂರ್ತಿ ಕೇಳಿ ಬೈಯಿರಿ.

ಅತ್ತೆಗೆ ತುಪ್ಪ ಬಡಿಸದೆ ಡಬ್ಬಿ ಬಚ್ಚಿಟ್ಟ ಸೊಸೆಯರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಬೇಡ ಎಂದ ಅತ್ತೆಗೆ ಕದ್ದು ತುಪ್ಪ ತಿನ್ನಿಸಿದ ಸೊಸೆ ಬಹುಶಃ ನಾನೊಬ್ಬಳೇ.

ನಮ್ಮ ಅತ್ತೆ ರಾಜಾನುಕುಂಟೆ ಕಡೆಯ ಹಳ್ಳಿಯವರು. ಹಸು ಕಟ್ಟಿ, ಹಾಲು ಕರೆದು, ಡೈರಿಗೆ ಹಾಕಿ ಮಕ್ಕಳನ್ನು ಓದಿಸಿದವರು. ಮಾಂಸವನ್ನು ಯಾವುದೋ ಹರಕೆಗೆ ಎಂದೋ ಬಿಟ್ಟಿದ್ದರು. ನಮ್ಮ ಜೊತೆ ಇರಲು ಬಂದ ಮೊದಲ ತಿಂಗಳಲ್ಲೇ ಒಂದು ಬೆಳಿಗ್ಗೆ ಕಾಫಿ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಾಳೆಯಿಂದ ನಂಗೆ ಆಲು, ಮೊಸ್ರು, ತುಪ್ಪ ಏನೂ ಬ್ಯಾಡ ಕಣವ್ವಾ. ಬೆಲ್ಲ ಆಕಿ ಕರೀ ಕಾಪಿ ಕೊಡು" ಎಂದರು. ಯಾಕೆಂದು ಕೇಳಿದರೆ ಹೇಳಲಿಲ್ಲ. ಕಾಲೇಜಿಗೆ ಹೋಗುವ ನನ್ನ ಮಗಳು "ಅಜ್ಜಿ ವೀಗನ್ ಆಗ್ಬಿಟ್ರು" ಎಂದು ಖುಷಿಪಟ್ಟಳು. ಅತ್ತೆ "ಅದ್ಯಾವ್ ಜನ?" ಎಂದು ಕೇಳಿ ಅವರೆಕಾಯಿ ಸುಲಿಯುತ್ತ ಕೂತರು.

ನನಗೇನೂ ಕಷ್ಟವೆನಿಸಲಿಲ್ಲ. ಯಾರ ಪಥ್ಯ ಏನೇ ಇರಲಿ, ಊಟ ಹೊಂದಿಸಬಲ್ಲೆ ಎಂಬ ಜಂಬ ನನ್ನದು. ಆ ಜಂಬಕ್ಕೆ ಆಧಾರವೂ ಇದೆ. ಮುದ್ದೆ, ಉಪ್ಸಾರು, ಬಸ್ಸಾರು, ಹುರುಳಿಕಾಳು, ನಮ್ಮ ಕಡೆಯ ಅಡುಗೆಗೆ ಹಾಲಿನ ಹಂಗೇ ಇಲ್ಲ. ಆದರೆ ಒಮ್ಮೆ ಕೆಟ್ಟ ಜ್ವರ ಬಂದು ಅತ್ತೆ ಸೊರಗಿಹೋದರು. ಕೈಯೆತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಡಾಕ್ಟರು "ಚೆನ್ನಾಗಿ ತಿನ್ಸಿ" ಎಂದರು. ಚೆನ್ನಾಗಿ ಎಂದರೆ ನನ್ನ ತಲೆಗೆ ಹೊಳೆದದ್ದು ತುಪ್ಪ. ಬಾಣಂತಿಗೆ, ಕಾಯಿಲೆಯಿಂದ ಎದ್ದವರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ, ಎಲ್ಲರಿಗೂ ನಮ್ಮಲ್ಲಿ ಅದೇ ತಾನೇ ಔಷಧಿ? ಸಾರಿನ ಒಗ್ಗರಣೆಗೆ ಒಂದು ಚಮಚ ತುಪ್ಪ ಹಾಕಿದೆ. ಬೆಳ್ಳುಳ್ಳಿ, ಇಂಗು ಜಾಸ್ತಿ ಮಾಡಿ ವಾಸನೆ ಮುಚ್ಚಿದೆ. ಜ್ವರ ಬಂದುಹೋದ ಮೇಲೆ ಅವರ ಮೂಗು ಮೊದಲಿನಂತೆ ಇರಲಿಲ್ಲ. ಅದೂ ನನಗೆ ಅನುಕೂಲವಾಯಿತು. ಹೀಗೆ ಎಂಟು ತಿಂಗಳು ನಡೆಯಿತು. ಬಳೆಗಳು ಮತ್ತೆ ಮಣಿಕಟ್ಟಿನಲ್ಲಿ ನಿಂತವು, ನಾನು ಗೆದ್ದೆ ಎಂದುಕೊಂಡೆ.

ಆ ಬೇಸಿಗೆಯಲ್ಲಿ ಮಗಳ ಹಟಕ್ಕೆ ಥೀಮ್ ಪಾರ್ಕಿಗೆ ಹೊರಟೆವು. ಯಾವ ಪಾರ್ಕು ಎಂದು ಕೇಳಬೇಡಿ, ಎಲ್ಲ ಪಾರ್ಕುಗಳೂ ಒಂದೇ ಥರ: ನೀರು, ಕಿರುಚಾಟ, ಕಾಲು ಸುಡುವ ಸಿಮೆಂಟು. ಅತ್ತೆಗೆಂದು ನಾನು ಚಿತ್ರಾನ್ನ, ಕಡಲೆಕಾಯಿ ಚಟ್ನಿ ಕಟ್ಟಿಕೊಂಡಿದ್ದೆ. ಗೇಟಿನ ಸೆಕ್ಯುರಿಟಿಯವರು ಬ್ಯಾಗು ತೆರೆಸಿ, "ಹೊರಗಿನ ಊಟ ಅಲೋ ಇಲ್ಲ ಮೇಡಂ" ಎಂದು ಡಬ್ಬಿಗಳನ್ನು ಅಲ್ಲೇ ಇಡಿಸಿಕೊಂಡರು. ವಯಸ್ಸಾದವರು, ಪಥ್ಯ ಎಂದೆಲ್ಲ ಹೇಳಿ ನೋಡಿದೆ. ಅವರು ನಿಯಮದ ಬೋರ್ಡು ತೋರಿಸಿದರು. ಅತ್ತೆಯ ಮುಖ ಸಣ್ಣಗಾಯಿತು. "ನಾನಿದ್ದೀನಲ್ಲ ಅತ್ತೆ, ಬನ್ನಿ" ಎಂದೆ.

ಗಂಡ, ಮಗಳು ನೀರಿಗಿಳಿದರು. ಅತ್ತೆ ಹೊಂಗೆ ಮರದ ಕೆಳಗೆ ಕೂತು, ನೈಲಾನ್ ಚಡ್ಡಿ ತೊಟ್ಟು ಓಡಾಡುವ ದೊಡ್ಡ ದೊಡ್ಡ ಗಂಡಸರನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಜ್ವರದ ನಂತರ ಅವರಿಗೆ ಊಟ ತಡವಾದರೆ ತಲೆ ತಿರುಗುತ್ತದೆ. ಹಾಗಾಗಿ ಹನ್ನೆರಡೂವರೆಗೇ ಫುಡ್ ಕೋರ್ಟಿಗೆ ಕರೆದುಕೊಂಡು ಹೋದೆ.

ದೋಸೆ ಕೌಂಟರಿನಲ್ಲಿ ಬೆಣ್ಣೆ ಹಾಕಬೇಡಿ ಎಂದೆ. "ಹಾಕಲ್ಲ ಮೇಡಂ, ಆದ್ರೆ ಕಾವಲಿಗೇ ಬೆಣ್ಣೆ ಸವರಿರ್ತೀವಿ" ಎಂದ ಅಲ್ಲಿಯವನು. ಪಲಾವಿಗೆ ಮೊಸರು, ಸಾಗುವಿಗೆ ಕ್ರೀಮ್, ಮೆಕ್ಕೆಜೋಳದ ಕಾಳಿಗೂ ಬೆಣ್ಣೆ. ಇಡ್ಲಿ ಇದೆಯೆಂದು ಖುಷಿಪಟ್ಟರೆ ಅದು ತುಪ್ಪದ ಪುಡಿ ಇಡ್ಲಿ. ಇನ್ನೊಂದು ಕೌಂಟರಿನಾತ "ವೀಗನ್ನಾ?" ಎಂದು ಕೇಳಿ, ನನ್ನ ಹಿಂದೆ ನೈಟಿಯಷ್ಟು ಉದ್ದದ ಟೀ ಶರ್ಟಿನಲ್ಲಿ ನಿಂತಿದ್ದ ಯಾರದೋ ಮನೆಯ ಹುಡುಗಿಯನ್ನು ನೋಡಿದ. ನಾನು ಹತ್ತಿಸೀರೆ, ಕಾಸಗಲ ಕುಂಕುಮದ ನಮ್ಮ ಅತ್ತೆಯನ್ನು ತೋರಿಸಿದೆ. ಅವನಿಗೆ ನಂಬಿಕೆ ಬರಲಿಲ್ಲ. ಅಷ್ಟು ಹೊತ್ತಿಗೆ ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡು, "ಬಿಡವ್ವಾ, ಒಂದ್ ಬಾಳೆಅಣ್ಣು ಸಿಕ್ರೆ ಸಾಕು" ಎನ್ನುತ್ತಿದ್ದರು.

ಕೊನೆಯಲ್ಲಿ ಥಾಲಿ ಊಟದ ಕೌಂಟರು. ಅಲ್ಲಿದ್ದ ನಲವತ್ತರ ಆಸುಪಾಸಿನ ಹೆಂಗಸು ಗದಗದ ಕಡೆಯವರು ಎಂದು ಎರಡನೇ ಮಾತಿಗೇ ಗೊತ್ತಾಯಿತು. ನಾನು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದರು.

"ಚಪಾತಿಗೆ ತುಪ್ಪ ಹಚ್ಚೇವ್ರಿ. ದಾಲ್‌ನ್ಯಾಗ ಬೆಣ್ಣಿ ಐತಿ. ಈ ಪಲ್ಯಕ್ಕ ಬರೇ ಎಣ್ಣಿ, ಆದ್ರ ಮೊಸರಿಗೆ ಹಾಕಿದ ಸೌಟೇ ಇದಕ್ಕೂ ಹಾಕ್ಯಾರ. ಬ್ಯಾಡ್ರಿ."

"ಅಷ್ಟಕ್ಕೆಲ್ಲ ಏನೂ ಆಗಲ್ಲ ಕಣ್ರೀ, ಕೊಟ್ಬಿಡಿ" ಎಂದೆ ನಾನು, ತಗ್ಗಿದ ದನಿಯಲ್ಲಿ.

"ಉಣ್ಣೋರ ಮುಂದ ನಾ ಸುಳ್ಳ ಹೇಳಂಗಿಲ್ರಿ ಅಕ್ಕಾರ" ಎಂದವರೇ ಒಳಗೆ ಹೋದರು. ಕೆಲಸದವರಿಗೆಂದು ಮಾಡಿಕೊಂಡಿದ್ದ ಜೋಳದ ರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ ತಂದರು. ಚಟ್ನಿಪುಡಿಗೆ ಮೊಸರು ಬೇಡವಲ್ಲ ಎಂದು ಎಣ್ಣೆ ಹಾಕಿ ಕಲಸಿ, ಚಮಚವನ್ನು ನಮ್ಮೆದುರೇ ತೊಳೆದು ಇಟ್ಟರು.

ಅತ್ತೆ ಹಸಿದಿದ್ದರು. ಒಂದು ರೊಟ್ಟಿ ಮುಗಿಸಿ, ಎರಡನೆಯದನ್ನು ಮುರಿಯುತ್ತ ಆ ಹೆಂಗಸಿಗೆ ಹೇಳಿದರು: "ನಮ್ ಸೊಸೆನೂ ನಿನ್ನಂಗೇ ಕಣವ್ವಾ. ಮನೇಲಿ ನಾನು ಏನಾಕಿದ್ದೀಯ ಅಂತ ಒಂದಿನಾನೂ ಕೇಳಾಕಿಲ್ಲ. ಅವ್ಳು ಇಟ್ಟಿದ್ದನ್ನ ಕಣ್ಮುಚ್ಕಂಡು ತಿಂತೀನಿ."

ಸುಮ್ಮನಿರಬಹುದಿತ್ತು, ಎಂಟು ತಿಂಗಳು ಸುಮ್ಮನಿದ್ದವಳಿಗೆ ಇನ್ನೊಂದು ನಿಮಿಷ ಹೆಚ್ಚಲ್ಲ. ಆದರೆ ಆಗಲಿಲ್ಲ. ಆ ಹೆಂಗಸು ಕೌಂಟರಿಗೆ ಹಿಂತಿರುಗಿದ ಮೇಲೆ ಹೇಳಿಬಿಟ್ಟೆ. ತುಪ್ಪ, ಇಂಗು, ಜ್ವರ, ಬಳೆ, ಎಲ್ಲವನ್ನೂ. "ನಿಮ್ಮ ಒಳ್ಳೇದಕ್ಕೇ ಅಂತ ಮಾಡ್ದೆ ಅತ್ತೆ" ಎಂದೂ ಸೇರಿಸಿದೆ.

ಅತ್ತೆ ಬೈಯಲಿಲ್ಲ. ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಯಲ್ಲಿಟ್ಟರು. ಆಮೇಲೆ, ಮೊದಲ ಸಲ, ಯಾಕೆ ಹಾಲು ಬಿಟ್ಟೆ ಎಂದು ಹೇಳಿದರು.

"ಸುಬ್ಬಿ ಅಂತ ಒಂದ್ ಅಸ ಇತ್ತು. ಈದ ವಾರಕ್ಕೇ ಕರ ಸತ್ತೋಯ್ತು. ಕರ ಕಾಣ್ದಿದ್ರೆ ಆಲು ಸೊರೆ ಬಿಡಾಕಿಲ್ಲ ಅಂತ ನಿಮ್ ಮಾವ ಆ ಕರುವಿನ್ ಚರ್ಮಕ್ಕೆ ಉಲ್ಲು ತುಂಬ್ಸಿ ಒಲ್ಸಿ ಮುಂದೆ ನಿಲ್ಸುದ್ರು. ಸುಬ್ಬಿ ಅದನ್ನೇ ನೆಕ್ತಾ ನಿಂತ್ಕಳದು. ನಾನು ಕರ್ಕಳೋಳು. ಕೆಚ್ಚಲು ಬಾತ್ಕಂಡ್ರೆ ಅದಕ್ಕೇ ನೋವು, ಅದ್ರ ಒಳ್ಳೇದಕ್ಕೇ ಅಂತ ನಾನೂ ಅಂದ್ಕಂಡೆ. ಒಂದಿನ ಆ ಚರ್ಮದ್ ಒಲಿಗೆ ಬಿಚ್ಚಿ ಉಲ್ಲು ಈಚೆಗ್ ಬಂತು. ಸುಬ್ಬಿ ಆ ಉಲ್ಲು ಮೂಸ್ತು. ಮೂಸಿ ನನ್ ಮಕ ನೋಡ್ತು." ರೊಟ್ಟಿಯ ಚೂರನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದರು: "ಮಕ್ಳು ಓದ್ಬೇಕಿತ್ತು, ಆಗ ಬಿಡಾಕಾಗ್ಲಿಲ್ಲ. ನಿಮ್ಮನೆಗ್ ಬಂದ್ಮ್ಯಾಕೆ ಬಿಟ್ಟೆ."

ನಾನು ಅವರ ಮುಖ ನೋಡಲಾರದೆ ತಟ್ಟೆ ನೋಡುತ್ತಿದ್ದೆ. ನಾಚಿಕೆಯಾಯಿತು, ಅಳುವೂ ಬಂತು. ಪಕ್ಕದಲ್ಲಿ ಜನ ಒದ್ದೆ ಬಟ್ಟೆಯಲ್ಲೇ ಐಸ್‌ಕ್ರೀಮ್ ತಿನ್ನುತ್ತಿದ್ದರು. ಅತ್ತೆ ಉಳಿದ ರೊಟ್ಟಿಯನ್ನು ಬಿಡದೆ ತಿಂದರು. ಕೈ ತೊಳೆದು ಬಂದು, "ಇನ್ಮ್ಯಾಕೆ ಕೇಳ್ಕಂಡೇ ತಿಂತೀನಿ" ಎಂದರು. ಕೋಪವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಕೇಳಿದರು. ಪ್ರತಿ ಊಟಕ್ಕೂ, ಪ್ರತಿ ತಟ್ಟೆಗೂ, "ಇದ್ರಲ್ಲಿ ಏನಾಕಿದ್ದೀಯ?" ನಾನು ಉಪ್ಪಿನಿಂದ ಹಿಡಿದು ಎಲ್ಲ ಹೇಳಬೇಕು. ನೆಂಟರ ಎದುರು ಕೇಳಿದಾಗ ಮುಖ ಕೆಂಪಾಗುತ್ತಿತ್ತು, ಆದರೂ ಹೇಳಿದೆ. ಅವರು ಮತ್ತೆ ಸೊರಗದಂತೆ ಬೇರೆ ದಾರಿ ಹುಡುಕಿದೆ: ಹುಚ್ಚೆಳ್ಳು ಚಟ್ನಿ, ಎಳ್ಳುಂಡೆ, ನುಗ್ಗೆಸೊಪ್ಪಿನ ಪಲ್ಯ. ಬಳೆಗಳು ಜಾರಲಿಲ್ಲ. ಒಂದು ಚಮಚ ಮೋಸವಿಲ್ಲದೆಯೂ ಇದನ್ನು ಮಾಡಬಹುದಿತ್ತು ಎಂದು ನನ್ನಂಥ ಜಂಬಗಾತಿಗೆ ಅಷ್ಟು ತಡವಾಗಿ ಗೊತ್ತಾಯಿತು.

ಇವತ್ತು ಮಧ್ಯಾಹ್ನ ಬಸ್ಸಾರು ಮಾಡಿದ್ದೆ. ಅತ್ತೆ ಬಂದು ಕೂತರು. ನಾನು ಬಡಿಸಿ, ಎಂದಿನಂತೆ ಪ್ರಶ್ನೆಗೆ ಕಾದು ನಿಂತೆ. ಅವರು ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದರು. ಇನ್ನೊಂದು ತುತ್ತು ಮುರಿದರು. ಮರೆತರೇನೋ ಎಂದುಕೊಂಡೆ. ಮರೆಯುವವರಲ್ಲ ಅವರು.

"ದಂಟಿನ ಸೊಪ್ಪು, ತೊಗರಿಬೇಳೆ, ಬೆಳ್ಳುಳ್ಳಿ, ಹುಣಸೆಹಣ್ಣು, ಒಗ್ಗರಣೆಗೆ ಕಡಲೆಕಾಯೆಣ್ಣೆ" ಎಂದೆ.

ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದರು. "ನಾನ್ ಕೇಳ್ನಿಲ್ವಲ್ಲವ್ವಾ" ಎಂದು, ಇನ್ನಷ್ಟು ಸಾರಿಗೆ ತಟ್ಟೆ ಮುಂದೆ ಮಾಡಿದರು.